ಸುಂಕದವನ ಸುಖದುಃಖ

"ನನ್ನ ಹಂಸಾನ ಬಟ್ಟಲು ಅಂತ ಬರೆದಿದ್ದೀರಂತೆ!"

ಗಾಜಿನ ತಡೆಯ ಕೆಳಗಿನ ಅರ್ಧಚಂದ್ರದ ಕಿಂಡಿಗೆ ಬಾಗಿ ಲಾತಾಯ್ ಆಡಿದ ಮೊದಲ ಮಾತು ಅದು. ಲೋಪೆತಿ ಉತ್ತರದ ವವಾಉ ದ್ವೀಪದಿಂದ ತೊಂಗಾದ ರಾಜಧಾನಿ ನುಕುಅಲೋಫಾದ ಬಂದರಿನ ಸುಂಕದ ಕಚೇರಿಗೆ ವರ್ಗವಾಗಿ ಬಂದು ಒಂದು ವಾರವೂ ಕಳೆದಿರಲಿಲ್ಲ. ತಲೆಯೆತ್ತಿ ನೋಡಿದ. ಕೋಪಕ್ಕೆ ಅರಳಿದ ಮೂಗು, ಕಿವಿಯ ಹಿಂದೆ ಸಿಕ್ಕಿಸಿದ ಬಿಳಿ ಹೂ, ಆ ಕೋಪವನ್ನು ತಾವೇ ಅಷ್ಟಾಗಿ ನಂಬದ ಎರಡು ಕಣ್ಣುಗಳು.

"ಬೆನ್ನಲ್ಲಿ ಗುಳಿ ಇದೆಯಲ್ಲ," ಎಂದ. "ಪಿಂಗಾಣಿ, ಗುಳಿ ಇದೆ, ಏನಾದ್ರೂ ಹಾಕಿಡಬಹುದು. ಅಂದ್ಮೇಲೆ ಪಾತ್ರೆ."

"ಗುಳಿ ಇದ್ದಿದ್ದೆಲ್ಲ ಪಾತ್ರೆ ಆದ್ರೆ, ನಿಮ್ಮ ಕೆನ್ನೇಲೂ ಎರಡಿವೆ. ನಿಮ್ಮನ್ನ ಯಾವ ಕಪಾಟಲ್ಲಿ ಇಡ್ತಾರೆ?"

ಲೋಪೆತಿ ನಗು ತಡೆಯಲು ನೋಡಿದ. ತಡೆದಷ್ಟೂ ಆ ಗುಳಿಗಳೇ ಆಳವಾದವು.

"ಸರಿ, ನೀವೇ ಹೇಳಿ. ಇದರಲ್ಲಿ ಯಾರಾದ್ರೂ ಊಟ ಬಡಿಸ್ತಾರಾ?"

"ಊಟಾನಾ? ಶೋಕೇಸಲ್ಲಿ ಅಜ್ಜಿ ಫೋಟೋ ಪಕ್ಕ ಇಟ್ಟು ಬೀಗ ಹಾಕ್ತಾರೆ. ಮುಟ್ಟಿದ ಮಕ್ಕಳಿಗೆ ಏಟು ಬೀಳುತ್ತೆ."

"ಹಾಗಾದ್ರೆ ಅಲಂಕಾರದ ವಸ್ತುನೇ." ಬರೆದದ್ದನ್ನು ಅವನು ಹೊಡೆದುಹಾಕಿದ. ಅವಳು ಗೆದ್ದ ಖುಷಿಯಲ್ಲಿ ಮತ್ತೇನೋ ಹೇಳಲು ತುಟಿ ತೆರೆದಳು. ಅಷ್ಟರಲ್ಲಿ ಹಿಂದಿನ ಬಾಗಿಲಿನಿಂದ ಸೆಮಿಸಿ ಒಳಬಂದ. ಲಾತಾಯಳ ಮುಖದ ನಗೆ ಊದಿದ ದೀಪದಂತೆ ಆರಿತು. ನೆಟ್ಟಗೆ ನಿಂತಳು. "ವಂದನೆ ಸಾರ್," ಎಂದು ಹೊರಟೇಹೋದಳು.

ಸರಕು ಅಂಗಳದ ತಪಾಸಣೆ ನೋಡಿಕೊಳ್ಳುವ ಸೆಮಿಸಿ ಅವಳ ಒಡಹುಟ್ಟಿದ ತಮ್ಮ.

ಮುಂದಿನದನ್ನು ಲೋಪೆತಿಗೆ ಯಾರೂ ವಿವರಿಸಬೇಕಾಗಿರಲಿಲ್ಲ. ತಮ್ಮನ ಕಿವಿ ಇರುವೆಡೆ ಅಕ್ಕನನ್ನು ಯಾರೂ ಛೇಡಿಸುವಂತಿಲ್ಲ. ಒಲುಮೆಯ ಮಾತು ಎದ್ದಿತೋ, ತಮ್ಮನಾದವನು ಎದ್ದು ಹೋಗಬೇಕು; ಅವನನ್ನು ಕೂರಿಸಿಕೊಂಡೇ ಆಡಿದರೆ ಅದು ಇಡೀ ಮನೆತನಕ್ಕೆ ಉಗಿದಂತೆ. ಹುಡುಗಿಯೊಬ್ಬಳು ಕಾವಾ ಬೇರಿನ ಪಾನೀಯ ಹಂಚುತ್ತಿರುವಾಗ ಗಂಡಸರು ಅವಳನ್ನು ಒಲಿಸಿಕೊಳ್ಳಲು ನೋಡುವ ಕಾವಾ ಕೂಟದಲ್ಲಂತೂ ಅವಳ ಒಡಹುಟ್ಟಿದವನು ಕೂರುವುದೇ ಇಲ್ಲ. ಟಿ.ವಿ.ಯಲ್ಲಿ ಮುತ್ತಿನ ದೃಶ್ಯ ಬಂದೊಡನೆ ತೊಂಗಾದ ಗಂಡುಮಕ್ಕಳು ನೀರು ಕುಡಿಯಲೆಂದು ಅಡುಗೆಮನೆಗೆ ಓಡುವುದು ಬಾಯಾರಿಕೆಯಿಂದಲ್ಲ.

ಹಾಗಾಗಿ ಅವರಿಬ್ಬರ ಪಾಲಿಗೆ ದಕ್ಕಿದ್ದು ಸೆಮಿಸಿ ಅಂಗಳಕ್ಕೆ ಹೋದ ಹೊತ್ತು ಮಾತ್ರ. ಕಂಟೇನರಿನ ಕಬ್ಬಿಣದ ಬಾಗಿಲು ಕಿರುಗುಟ್ಟಿ ತೆರೆದರೆ ಲೋಪೆತಿಯ ಎದೆಯೂ ತೆರೆಯುತ್ತಿತ್ತು. ಅದು ಮುಚ್ಚಿದ ಸದ್ದಿಗೆ ಇಬ್ಬರೂ ಬಾಯಿ ಮುಚ್ಚುತ್ತಿದ್ದರು.

ಪೇಟೆಯಲ್ಲಿ ತಾಯಿ ನಡೆಸುವ ಅಲಂಕಾರ ಸಾಮಾನಿನ ಅಂಗಡಿಗೆ ಲಾತಾಯ್ ಬಗೆಬಗೆಯದನ್ನು ತರಿಸುತ್ತಿದ್ದಳು. ಗೋಡೆಗೆ ನೇತುಹಾಕುವ ಬಣ್ಣದ ಗಾಜಿನ ಮೀನು, ಕನ್ನಡಿ ಹೊತ್ತ ನವಿಲು, ಸಮಾಧಿಗಳಿಗೆ ಹೊದಿಸುವ ಬಟ್ಟೆಯ ಹೂಮಾಲೆ. ಪ್ರತಿಯೊಂದಕ್ಕೂ ಒಂದು ಜಗಳ.

"ಹಲವು ವಸ್ತು ಸೇರಿ ಆದದ್ದಕ್ಕೆ ಅದರ ಜೀವಾಳ ಯಾವುದೋ ಅದೇ ಜಾತಿ," ಎಂದು ಲೋಪೆತಿ ಒಮ್ಮೆ ನಿಯಮ ಹೇಳಿದ. "ಮಿಕ್ಕಿದ್ದೆಲ್ಲ ಲೆಕ್ಕಕ್ಕಿಲ್ಲ."

"ಹಾಗಾ? ವಾರವಾರ ಇಷ್ಟು ದೂರ ಬಿಸಿಲಲ್ಲಿ ಬರ್ತೀನಲ್ಲ, ಅದರ ಜೀವಾಳ ಏನಂತೆ?"

"ಸಾಮಾನು ಬಿಡಿಸ್ಕೊಳ್ಳೋದು."

"ಥೂ! ಸುಂಕದವನ ಮುಂದೆ ಸುಖದುಃಖ ಹೇಳ್ಕೊಂಡ ಹಾಗಾಯ್ತು."

ಅವಳು ಹೋದ ಮೇಲೆ ಗಾಜಿನ ಮೇಲೆ ಅವಳ ಉಸಿರಿನ ಮಬ್ಬು ಸ್ವಲ್ಪ ಹೊತ್ತು ನಿಂತಿತ್ತು. ಅದು ಆರುವ ತನಕ ಅವನು ಮುಂದಿನವರನ್ನು ಕರೆಯಲಿಲ್ಲ.

ಮನಸ್ಸಿನಲ್ಲಿದ್ದುದನ್ನು ಹೇಳಿಬಿಡಬಹುದಿತ್ತು. ಆದರೆ ಹೇಳಿದ ಗಳಿಗೆಗೇ ಈ ಕಿಂಡಿ ಮುಚ್ಚುತ್ತದೆ ಎಂಬುದೂ ಅವನಿಗೆ ಗೊತ್ತಿತ್ತು. ನೆಂಟರ ಸರಕನ್ನಾಗಲಿ, ಮನಸ್ಸು ವಾಲಿದವರ ಸರಕನ್ನಾಗಲಿ ಅಧಿಕಾರಿ ಮುಟ್ಟುವಂತಿಲ್ಲ. ಹಾಗೆ ಹಿಂದೆ ಸರಿಯುವವನು ಮುಖ್ಯಸ್ಥೆಯ ಎದುರು, ಇನ್ನೊಬ್ಬ ಅಧಿಕಾರಿಯ ಸಾಕ್ಷಿಯಲ್ಲಿ, ಕಾರಣವನ್ನು ಬಾಯಿಬಿಟ್ಟು ಹೇಳಬೇಕು. ಆ ಕಚೇರಿಯಲ್ಲಿದ್ದವರು ಮೂವರೇ ಅಧಿಕಾರಿಗಳು: ಮುಖ್ಯಸ್ಥೆ ಫೀಫಿತಾ ಮೇಡಂ, ಲೋಪೆತಿ, ಮತ್ತು ಸೆಮಿಸಿ. ಸಾಕ್ಷಿ ಅವಳ ತಮ್ಮನೇ! ಬೋನಿಗೆ ಬಿದ್ದ ಇಲಿಗಾದರೂ ಒಂದು ಬಾಗಿಲಿರುತ್ತದೆ. ಮೌನವಾಗಿದ್ದರೆ ಅವಳು ಗಾಜಿನಾಚೆ. ಮಾತಾಡಿದರೆ ಗಾಜಿನಾಚೆಯೂ ಇಲ್ಲ. ಅವನು ಮೌನವನ್ನೇ ಆರಿಸಿಕೊಂಡು ತಿಂಗಳುಗಳನ್ನು ದೂಡಿದ.

ಹೀಗಿರುವಾಗ ಲಾತಾಯಳ ಅಂಗಡಿಗೆಂದು ಗಾಜಿನ ಗುಮ್ಮಟಗಳು ಬಂದವು.

ಅಂಗೈಯಗಲದ ಗುಮ್ಮಟ, ಒಳಗೆ ಬಟ್ಟೆಯಲ್ಲಿ ಮಾಡಿದ ಸಿಯಾಲೆ ಎಂಬ ಬಿಳಿ ಹೂ, ಹೂವಿನ ಬುಡದಲ್ಲಿ ಪುಟ್ಟ ದೀಪ. ದೀಪವೆಂದು ಬರೆದರೆ ಸುಂಕ ಹಗುರ. ಹೂವೆಂದರೆ ಭಾರ. ಲೋಪೆತಿ ಅದನ್ನು ಮೇಜಿನ ಮೇಲಿಟ್ಟು ಬಹಳ ಹೊತ್ತು ನೋಡಿದ. ಇದು ದೀಪ, ಎಂದಿತು ಮನಸ್ಸು. ಏಕೆ? ಬೆಳಕಿದೆ, ಅದಕ್ಕೆ. ನಿಜವಾಗಿಯೂ ಅದಕ್ಕೇ? ದೀಪವನ್ನು ಆರಿಸಿದ. ಹೂ ಹಾಗೆಯೇ ಚೆನ್ನಾಗಿತ್ತು. ಹೊತ್ತಿಸಿದ. ಇನ್ನೂ ಚೆನ್ನಾಗಿತ್ತು. ಹನ್ನೆರಡು ವರ್ಷ ಸಾವಿರಾರು ವಸ್ತುಗಳಿಗೆ ಹೆಸರಿಟ್ಟ ಕೈ ಅದು. ಈಗ ಅದನ್ನು ನಡೆಸುತ್ತಿರುವುದು ವಿವೇಕವೋ, ನಾಳೆ ಗಾಜಿನಾಚೆ ಅರಳಲಿರುವ ಒಂದು ನಗೆಯೋ, ಅವನಿಗೆ ತಿಳಿಯಲಿಲ್ಲ. ತಕ್ಕಡಿ ವಾಲಿದೆಯೆಂದು ಗೊತ್ತಿದ್ದೂ ತೂಗುವುದು ಹೇಗೆ?

ಮರುದಿನ ಬೆಳಿಗ್ಗೆ ಗುಮ್ಮಟವನ್ನು ಎತ್ತಿಕೊಂಡು ಹೋಗಿ ಫೀಫಿತಾ ಮೇಡಂ ಮೇಜಿನ ಮೇಲಿಟ್ಟ. ತೊಂಗಾದ ರೂಢಿಯಂತೆ ಉಡುಪಿನ ಮೇಲೆ ಸೊಂಟಕ್ಕೆ ಸುತ್ತಿ ಬಿಗಿದ ಚಾಪೆಯಷ್ಟೇ ಬಿಗಿಯಾದ ಹೆಂಗಸು ಆಕೆ. ಬಟ್ಟೆಯ ಹೂವೂ ಬಾಡುವಂಥ ನೋಟ. ಪಕ್ಕದ ಮೇಜಿನಲ್ಲಿ ಸೆಮಿಸಿ ಬೀಗದ ಕೈಗಳನ್ನು ಒರೆಸುತ್ತಿದ್ದ. ಗಾಜಿನಾಚೆ ಸಾಲು ಆಗಲೇ ಬೆಳೆದಿತ್ತು. ಸಾಲಿನ ಮುಂದೆ ಲಾತಾಯ್.

"ಇದರಿಂದ ಹಿಂದೆ ಸರೀತೀನಿ, ಮೇಡಂ."

"ನೆಂಟಸ್ತನವಾ?"

"ಇಲ್ಲ."

"ಮತ್ತೆ?" ಆಕೆ ಕನ್ನಡಕ ತೆಗೆದಿಟ್ಟರು. "ಏನಾದ್ರೂ ಇಸ್ಕೊಂಡಿದೀಯೇನಪ್ಪಾ?"

ಸೆಮಿಸಿಯ ಕೈಯಲ್ಲಿ ಬೀಗದ ಕೈಗಳ ಸದ್ದು ನಿಂತಿತು. ಗಾಜಿನಾಚೆ ಲಾತಾಯ್ ಬಿಳಿಚಿಕೊಂಡದ್ದು ಕಂಡಿತು. ಅವಳಿಗೆ ಎಲ್ಲವೂ ಕೇಳಿಸಿತ್ತು. ಸುಮ್ಮನಿದ್ದರೆ ಅವಳು ಲಂಚ ಕೊಟ್ಟವಳು. ನಿಜ ಹೇಳಿದರೆ ತಮ್ಮನ ಮುಖದ ಮೇಲೇ ಅಕ್ಕನ ಮಾನಕ್ಕೆ ಕೈಹಾಕಿದಂತೆ. ನೊಣವೊಂದು ಗುಮ್ಮಟದ ಸುತ್ತ ಸುತ್ತಿ, ದಾರಿ ಕಾಣದೆ ಗಾಜಿಗೇ ಬಡಿದುಕೊಳ್ಳುತ್ತಿತ್ತು.

"ಮಾತಾಡಪ್ಪಾ. ನಾನು ಬರ್ಕೊಬೇಕು."

ಕುರ್ಚಿ ಸರಿದ ಸದ್ದಾಯಿತು. ಸೆಮಿಸಿ ಎದ್ದು ನಿಂತಿದ್ದ. ಬಾಗಿಲಿನಷ್ಟೇ ಅಗಲದ ಆಳು. ಒಂದೇಟು ಬಿದ್ದರೆ ಎರಡನೆಯದು ಬೇಕಾಗುವುದಿಲ್ಲ. ಲೋಪೆತಿ ಅಲುಗಾಡದೆ ನಿಂತ.

"ಮೇಡಂ, ಅಂಗಳದಲ್ಲಿ ಕಂಟೇನರ್ ಬಾಗಿಲು ಹಾಕಿದ್ನೋ ಇಲ್ವೋ. ನೋಡ್ಕೊಂಡು ಬರ್ತೀನಿ."

"ಈಗಲೇನೋ? ಸಾಕ್ಷಿಗೆ ಯಾರಿರ್ತಾರೆ?"

"ಗಾಜಿನಾಚೆ ಇಷ್ಟೊಂದು ಜನ ಇದಾರಲ್ಲ, ಮೇಡಂ."

ಅವನು ಅಕ್ಕನ ಕಡೆ ನೋಡಲಿಲ್ಲ. ಲೋಪೆತಿಯ ಕಡೆಯೂ ನೋಡಲಿಲ್ಲ. ಹೊರಗೆ ಹೋಗಿ, ತನ್ನ ಹಿಂದೆ ಬಾಗಿಲನ್ನು ನಿಧಾನವಾಗಿ, ಪೂರ್ತಿಯಾಗಿ ಮುಚ್ಚಿದ.

ಸಾಲಿನಲ್ಲಿದ್ದ ಹೆಂಗಸರು ಒಬ್ಬರನ್ನೊಬ್ಬರು ಮೊಣಕೈಯಲ್ಲಿ ತಿವಿದರು.

"ನೆಂಟಸ್ತನ ಇಲ್ಲ, ಮೇಡಂ," ಎಂದ ಲೋಪೆತಿ. ಈಗ ಅವನ ದನಿ ಅವನ ಮಾತು ಕೇಳುತ್ತಿತ್ತು. "ಬೆಳೀಲಿ ಅಂತ ಆಸೆ ಇದೆ. ಈ ಸಾಮಾನು ತರಿಸಿದವರನ್ನ ಕಂಡ್ರೆ ನನಗೆ ಪ್ರೀತಿ. ಅವರ ಯಾವ ವಸ್ತುವನ್ನೂ ಇನ್ನು ನೆಟ್ಟಗೆ ನೋಡಕ್ಕಾಗಲ್ಲ. ಅವರೇನೂ ಕೊಟ್ಟಿಲ್ಲ. ನಾನೂ ಏನೂ ಹೇಳಿಲ್ಲ. ಈಗಲೇ ಹೇಳ್ತಿರೋದು."



"ಮೇಡಂ," ಕಿಂಡಿಯಿಂದ ಲಾತಾಯಳ ದನಿ ಬಂತು. ಕಣ್ಣು ತುಂಬಿತ್ತು, ತುಟಿಯ ಕೊನೆ ಮಾತ್ರ ತನ್ನ ಹಳೆಯ ಚಾಳಿ ಬಿಟ್ಟಿರಲಿಲ್ಲ. "ಆ ಸಾರ್ ಇನ್ನು ಈ ಕಿಂಡೀಲಿ ನನ್ನ ಹತ್ತಿರ ಮಾತಾಡೋ ಹಾಗಿಲ್ವಂತೆ. ಆ ಆಸೆ ನನಗೂ ಇದೆ ಅಂತ ನೀವೇ ಸ್ವಲ್ಪ ಹೇಳ್ತೀರಾ?"

"ನಾನೇನು ಮದುವೆ ದಲ್ಲಾಳೀನಾ?" ಎಂದು ಗದರಿದ ಫೀಫಿತಾ ಮೇಡಂ ಕನ್ನಡಕ ಏರಿಸಿ, ಗುಮ್ಮಟವನ್ನೆತ್ತಿ ತಿರುಗಿಸಿ ನೋಡಿದರು. ಇಡೀ ಸಾಲು ಉಸಿರು ಹಿಡಿಯಿತು. "ಹೂವು," ಎಂದು ತೀರ್ಪು ಕೊಟ್ಟರು. "ಪೂರ್ತಿ ಸುಂಕ."

"ಅಯ್ಯೋ, ದೀಪ ಮೇಡಂ ಅದು!"

"ಹೂವು ಕಣಮ್ಮಾ. ಜಗಳ ಇದ್ರೆ ನನ್ನ ಹತ್ತಿರ ಆಡು. ನನ್ನ ಕೆನ್ನೇಲಿ ಗುಳಿಗಿಳಿ ಇಲ್ಲ."

ಗಾಜಿನಾಚೆ ನಗೆ ಸಿಡಿಯಿತು. ಲಾತಾಯ್ ಮುಖ ಮುಚ್ಚಿಕೊಂಡಳು. ತಿಂಗಳುಗಟ್ಟಲೆ ಪಿಸುಗುಟ್ಟಿದ ಮಾತುಗಳಿಗೆ ಇಡೀ ಕಚೇರಿಯೇ ಕಿವಿಯಾಗಿತ್ತೆಂದು ಲೋಪೆತಿಗೆ ಆಗ ಅರ್ಥವಾಯಿತು.

ಒಬ್ಬನಿಗಂತೂ ಅವನು ಮುಖ ತೋರಿಸಲೇಬೇಕಿತ್ತು. ಅಂಗಳಕ್ಕೆ ನಡೆದ. ಸೆಮಿಸಿ ಭದ್ರವಾಗಿ ಮುಚ್ಚಿದ್ದ ಕಂಟೇನರಿಗೆ ಬೆನ್ನು ಕೊಟ್ಟು, ಬಂದರಿನ ನೀರನ್ನು ನೋಡುತ್ತ ನಿಂತಿದ್ದ. ಲೋಪೆತಿ ಪಕ್ಕದಲ್ಲಿ ನಿಂತ. ಹಡಗೊಂದು ಕೂಗಿ ಸುಮ್ಮನಾಯಿತು.

"ಶುಕ್ರವಾರ ಸಂಜೆ ನಮ್ಮನೇಲಿ ಕಾವಾ ಕೂಟ ಇಟ್ಟಿದಾರೆ ಅಮ್ಮ," ಎಂದ ಸೆಮಿಸಿ, ನೀರಿನ ಕಡೆಯಿಂದ ಕಣ್ಣು ತೆಗೆಯದೆ. "ಬಟ್ಟಲಿಗೆ ಕಾವಾ ಹಾಕಿಕೊಡೋಳು ಅಕ್ಕ. ನೀವು ಬನ್ನಿ."

ಲೋಪೆತಿ ಅವನ ಕಡೆ ತಿರುಗಿದ. "ನೀನು?" ಎಂದಷ್ಟೇ ಕೇಳಿದ.

"ನಾನು ಮನೇಲಿರಲ್ಲ, ಭಾವ," ಎಂದ ಸೆಮಿಸಿ.