ಅರವತ್ತೊಂದನೇ ಪುಟದ ಆ ಸಾಲು

"ಈ ಸಾಲು ಓದಿ," ಎಂದು ಅವಳು ಕನ್ನಡಕದಂಗಡಿಯ ಗೋಡೆಯ ಅಕ್ಷರಗಳ ಬೋರ್ಡ್ ತೋರಿಸಿದಳು.

ಕನ್ನಡಕಕ್ಕೆಂದು ಬಂದಿದ್ದ ಲಿಫ್ಟ್ ಮೆಕ್ಯಾನಿಕ್ ಚೀಲದಿಂದ ದಪ್ಪ ಕಾದಂಬರಿಯೊಂದನ್ನು ತೆಗೆದ. "ಅದಿರ್ಲಿ ಮೇಡಂ, ಇದು ಕಾಣಿಸ್ತಿಲ್ಲ! ಲೋಕವೇ ಬೂದಿಯಾಗಿದೆ, ಇಪ್ಪತ್ತೇ ಜನ ಉಳಿದಿದ್ದಾರೆ. ನಾನು ಅರ್ಧಕ್ಕೇ ಬಿಟ್ಟರೆ ಅವರ ಗತಿ?"

ಅವಳು ಕಿಸಕ್ಕನೆ ನಕ್ಕುಬಿಟ್ಟಳು.

ಮೂರು ತಿಂಗಳಲ್ಲಿ 'ಮೇಡಂ' ಹೋಗಿ 'ನೀನು' ಬಂತು. ಅವನು ಓದಿ ಮುಗಿಸಿದ ಕಾದಂಬರಿ ಅವಳ ಕೈಸೇರಿತು.

ಹಸಿವು, ಚಳಿ, ಒಬ್ಬರನ್ನೊಬ್ಬರು ಬಿಟ್ಟು ಓಡುವ ಜನ... ಛೇ, ಸಾಕು! ಎಂದು ಮುಚ್ಚಿಡುತ್ತಿದ್ದಳು. ಬಸ್ಸು ಹತ್ತಿದೊಡನೆ ಮತ್ತೆ ತೆರೆಯುತ್ತಿದ್ದಳು.

ಅರವತ್ತೊಂದನೇ ಪುಟದಲ್ಲಿ ಆ ಸಾಲು ಸಿಕ್ಕಿತು.

'ದಿನಾ ಇನ್ಸುಲಿನ್ ಬೇಕಿದ್ದವರು ಮೊದಲ ತಿಂಗಳಲ್ಲೇ ಹೋದರು.'

ಅಷ್ಟೇ. ಯಾರ ಹೆಸರೂ ಇಲ್ಲ, ಒಂದು ಹನಿ ಕಣ್ಣೀರೂ ಇಲ್ಲ. ಮುಂದಿನ ಸಾಲಿನಲ್ಲಿ ಎಲ್ಲರೂ ಸೌದೆ ಹುಡುಕುತ್ತಿದ್ದರು!

ಸಕ್ಕರೆ ಕಾಯಿಲೆಗೆ ಹನ್ನೊಂದನೇ ವಯಸ್ಸಿನಿಂದ ದಿನಕ್ಕೆ ನಾಲ್ಕು ಸಲ ಸೂಜಿ ಚುಚ್ಚಿಕೊಳ್ಳುವವಳು ಅವಳು. ಹಿಂದೆ ಒಬ್ಬನಿಗೆ ಹೇಳಿದ್ದಳು. ಆಮೇಲೆ ಅವನ ಫೋನೇ ಬರಲಿಲ್ಲ. ಇವನಿಗೆ ಹೇಳಲು ಧೈರ್ಯ ಸಾಲದೆ ಮುಚ್ಚಿಟ್ಟಿದ್ದಳು.

'ಹೇಗೋ ಗೊತ್ತಾಗಿದೆ ಇವನಿಗೆ. ಬೇಕಂತಲೇ ಕೊಟ್ಟನಾ?'

ಅಂಗಡಿ ಅವಳ ಅಕ್ಕನದು. ಅಕ್ಕನ ಕೈಯಲ್ಲೇ ಪುಸ್ತಕ ವಾಪಸ್ ಕೊಡಿಸಿದಳು. ವಾರವಿಡೀ ಫೋನ್ ಎತ್ತಲಿಲ್ಲ.

ಎಂಟನೇ ದಿನ ಮಧ್ಯಾಹ್ನ ಅವನೇ ಬಂದ.

"ಹಿಂದಿನ ರೂಮಲ್ಲಿದಾಳೆ. ಮುಖ ಕುಂಬಳಕಾಯಿ ಥರ ಊದಿಸ್ಕೊಂಡಿದಾಳೆ, ಹುಷಾರು!" ಎಂದಳು ಅಕ್ಕ.

ಅವಳು ಲೆನ್ಸ್ ಉಜ್ಜುವ ಯಂತ್ರ ನಿಲ್ಲಿಸಿದಳು.

"ಪುಸ್ತಕ ಅಷ್ಟು ಕೆಟ್ಟದಾ?" ಎಂದ ಅವನು.

"ಚೆನ್ನಾಗಿದೆ! ಅದೇ ಸಂಕಟ!" ಅವಳು ಮೇಜಿನ ಮೇಲಿದ್ದ ಇನ್ಸುಲಿನ್ ಪೆನ್ನನ್ನು ಅವನತ್ತ ತಳ್ಳಿದಳು. "ಅರವತ್ತೊಂದನೇ ಪುಟದಲ್ಲಿ ಸತ್ತೋರಲ್ಲಿ ನಾನೂ ಒಬ್ಬಳು. ಗೊತ್ತಿದ್ದೇ ಕೊಟ್ಯಾ?"

ಅವನು ಪೆನ್ನನ್ನೇ ನೋಡುತ್ತಾ ಸ್ಟೂಲಿನ ಮೇಲೆ ಕುಸಿದ.

"ಇಲ್ಲ ಕಣೇ... ಎರಡು ಸಲ ಓದಿದೀನಿ. ಆ ಸಾಲು ಕಣ್ಣಿಗೇ ಬಿದ್ದಿರ್ಲಿಲ್ಲ."

"ಯಾಕೆ ಬೀಳುತ್ತೆ? ಅಲ್ಲಿ ನಿನ್ನೋರು ಯಾರೂ ಇರ್ಲಿಲ್ಲ."

"ಈಗ ಇದಾಳೆ."

ಅವಳ ಕಣ್ಣು ತುಂಬಿತು. "ಅಂಥ ದಿನ ಬಂದ್ರೆ ನನ್ನ ಉಳಿಸ್ತೀಯಾ?"

ಸುಳ್ಳಾದರೂ ಹೇಳಲಿ ಎಂದು ಮನಸ್ಸು ಬೇಡುತ್ತಿತ್ತು.

"ಆಗುತ್ತೋ ಇಲ್ವೋ ಗೊತ್ತಿಲ್ಲ. ಬಿಟ್ಟು ಮಾತ್ರ ಓಡಲ್ಲ." ಪೆನ್ನನ್ನು ಕೈಗೆತ್ತಿಕೊಂಡು ಕೇಳಿದ, "ಊಟದ ಹೊತ್ತಾಯ್ತಲ್ಲ... ಇದನ್ನ ಚುಚ್ಚೋದು ಹೇಗೆ? ತೋರಿಸು."

"ಹೆದರಿಕೆ ಆಗಲ್ವಾ?"

"ಆಗುತ್ತೆ."

"ನನಗೂ... ಇಷ್ಟು ವರ್ಷ ಆದ್ರೂ."

ಅಕ್ಕನ ಮುಂದೆಯೂ ಅವಳು ಹಾಗೆಂದಿರಲಿಲ್ಲ. ಪೆನ್ನು ಹಿಡಿದ ಅವನ ಒರಟು ಬೆರಳುಗಳನ್ನು ತನ್ನ ತೋಳಿನ ಬಳಿಗೆ ತಂದಳು.

"ಮೆಲ್ಲಗೆ..."

"ಇಷ್ಟು ಸಾಕಾ?"

"ಹೂಂ. ಔಷಧಿ ಪೂರ್ತಿ ಒಳಗಿಳೀಲಿ, ಈಗ ಹತ್ತು ಎಣಿಸು. ಕೈ ತೆಗೀಬೇಡ."

"ತೆಗೆಯಲ್ಲ."