ಗೂಡು ಬೇಯಿಸುವ ಮನೆಯ ಹುಡುಗಿ

ಅವನು ಮೂಗು ಮುಚ್ಚಿಕೊಂಡ!

ಕ್ಲಾಸಿನಲ್ಲಿ ಪಕ್ಕದ ಕುರ್ಚಿಗೆ ಬಂದು ಆಗಷ್ಟೇ ಕೂತಿದ್ದ. ಬ್ಯಾಗ್ ಕೆಳಗಿಡಲು ಅವಳ ಕಡೆಗೆ ಬಾಗಿದವನು ಥಟ್ಟನೆ ಹಿಂದೆ ಸರಿದ. ಅಂಗಿಯ ತೋಳನ್ನು ಮೂಗಿಗೆ ಒತ್ತಿಕೊಂಡ. ಆಮೇಲೆ "ಸಾರಿ..." ಎಂದು ಗೊಣಗಿ, ಬ್ಯಾಗ್ ಎತ್ತಿಕೊಂಡು ಕಿಟಕಿ ಪಕ್ಕದ ಸಾಲಿಗೆ ಎದ್ದೇ ಹೋದ.

ಪ್ರಮೋದಾಳ ಕಿವಿ ಬಿಸಿಯಾಯಿತು. ನೆಲ ಬಾಯಿ ಬಿಟ್ಟು ನುಂಗಬಾರದೆ ಅನ್ನಿಸಿತು.

'ಇವನಿಗೂ ಗೊತ್ತಾಗೋಯ್ತು... ನನ್ನ ಮೈಯಿಂದ ಬರ್ತಿದೆ ಆ ಗಬ್ಬು ನಾತ!'

ಯಾವ ನಾತ ಅಂತೀರಾ? ಹೇಳುತ್ತೇನೆ. ಊಟ ಮಾಡುತ್ತಾ ಓದುತ್ತಿದ್ದರೆ ತಟ್ಟೆ ಸ್ವಲ್ಪ ಪಕ್ಕಕ್ಕಿಡಿ.

ಪ್ರಮೋದಾಳ ಮನೆ ದೇವನಹಳ್ಳಿ ಹತ್ತಿರದ ವಿಜಯಪುರದಲ್ಲಿ, ರೇಷ್ಮೆಗೂಡಿನ ಮಾರುಕಟ್ಟೆಯ ಹಿಂದಿನ ಬೀದಿಯಲ್ಲಿ. ಅಪ್ಪ ಸಂಜೀವಪ್ಪ ಗೂಡು ಕೊಂಡು ತಂದು ನೂಲು ತೆಗೆಯುವವರು. ಮನೆಗೆ ಅಂಟಿಕೊಂಡೇ ಅವರ ರೀಲಿಂಗ್ ಶೆಡ್ಡು.

ರೇಷ್ಮೆ ಅಂದರೆ ನಿಮಗೆ ಮದುವೆ ಸೀರೆ ನೆನಪಾದೀತು. ಅವಳಿಗೆ ನೆನಪಾಗುವುದು ಕುದಿಯುವ ನೀರಿನಲ್ಲಿ ಹುಳದ ಸಮೇತ ಬೇಯುವ ಗೂಡು. ನೂಲು ಬಿಚ್ಚಿಕೊಂಡ ಮೇಲೆ ಉಳಿಯುವ ಕಂದು ಬಣ್ಣದ ಸತ್ತ ಹುಳ. ಅಂಗಳದ ಟಾರ್ಪಾಲಿನ ಮೇಲೆ ಅದರ ರಾಶಿ, ರಾಶಿಯ ತುಂಬಾ ನೊಣ. ಕೊಳೆತ ಮೀನನ್ನು ಹಳಸಿದ ಎಣ್ಣೆಯಲ್ಲಿ ಕರಿದರೆ ಹೇಗಿರುತ್ತದೋ ಹಾಗಿರುವ ವಾಸನೆ. ಒಗೆದ ಬಟ್ಟೆಯಲ್ಲೂ ಅದೇ, ತಲೆದಿಂಬಿನಲ್ಲೂ ಅದೇ. ಥೂ!

ಹೈಸ್ಕೂಲಿನಲ್ಲಿ ಒಬ್ಬಳೂ ಅವಳ ಜೊತೆ ಬೆಂಚು ಹಂಚಿಕೊಂಡಿರಲಿಲ್ಲ. ಅಂದಿನಿಂದ ದಿನಾ ಬೆಳಗ್ಗೆ ಕತ್ತು, ತೋಳು, ದುಪಟ್ಟಾ, ಕೊನೆಗೆ ಬ್ಯಾಗಿಗೂ ಸೆಂಟು ಹೊಡೆದುಕೊಂಡೇ ಮನೆ ಬಿಡುತ್ತಿದ್ದಳು.

ದೇವನಹಳ್ಳಿ ದಾರಿಯ ಖಾಸಗಿ ವಿಶ್ವವಿದ್ಯಾಲಯದಲ್ಲಿ ಅವಳು ಗ್ಲೋಬಲ್ ಸ್ಟಡೀಸ್ ಸೇರಿದ್ದೂ ಇದೇ ಕಾರಣಕ್ಕೆ. ಅರ್ಥಶಾಸ್ತ್ರ, ರಾಜಕೀಯ, ಮಾನವಶಾಸ್ತ್ರ, ಪರಿಸರ ಎಲ್ಲವನ್ನೂ ಬೆರೆಸಿ ಕಲಿಸುವ ಪದವಿ. ಮುಗಿಸಿದರೆ ಹೊರದೇಶಕ್ಕೆ ಹೋಗುವ ದಾರಿ ಇದೆ ಎಂದು ಯಾರೋ ಹೇಳಿದ್ದರು. ದೂರ... ಈ ನಾತ ತಲುಪದಷ್ಟು ದೂರ!

"ಏನವ್ವಾ ಓದ್ತಾಳೆ ನಿನ್ ಮಗ್ಳು?" ಎಂದು ಯಾರಾದರೂ ಕೇಳಿದರೆ ಸಂಜೀವಪ್ಪ ಹೆಂಡತಿಗಿಂತ ಮೊದಲು ತಾವೇ ಬಾಯಿ ಹಾಕುತ್ತಿದ್ದರು. "ಇಡೀ ಪ್ರಪಂಚಾನೇ ಓದ್ತಾಳಂತೆ ಕಣಪ್ಪಾ!"

ಕಾಲೇಜಿನಲ್ಲಿ ಮಾತ್ರ ಅವಳ ಅಪ್ಪನದು 'ಟೆಕ್ಸ್‌ಟೈಲ್ ಬಿಸಿನೆಸ್'.

ಅಷ್ಟೆಲ್ಲ ಮುಚ್ಚಿಟ್ಟಿದ್ದನ್ನು ಕೊನೇ ವರ್ಷದ ಮೊದಲ ದಿನವೇ ಬೇರೆ ಸೆಕ್ಷನ್ನಿನಿಂದ ಬಂದ ಒಬ್ಬ ಹುಡುಗ ಮೂಸಿಬಿಟ್ಟನಲ್ಲ! ಸಾಲದ್ದಕ್ಕೆ ಪಾಠಕ್ಕೆ ಬಂದ ಮಮತ ಮೇಡಂ ಪ್ರಾಜೆಕ್ಟಿನ ಜೋಡಿಗಳ ಹೆಸರು ಓದಿದರು.

"ಪ್ರಾಜೆಕ್ಟ್ ಸಿಂಪಲ್. ಒಂದು ವಸ್ತು ಆರಿಸ್ಕೊಳ್ಳಿ. ಅದು ಹುಟ್ಟೋ ಜಾಗದಿಂದ ಹಿಂಬಾಲಿಸ್ತಾ ಹೋಗಿ. ಯಾರ ಕೈ ದಾಟುತ್ತೆ, ಯಾವ ದೇಶ ಸೇರುತ್ತೆ, ಅದರ ಕೊಳೆ ಯಾರ ಮನೇಲಿ ಉಳಿಯುತ್ತೆ, ಎಲ್ಲಾ ನನಗೆ ಬೇಕು. ಪ್ರಮೋದಾ, ನಿನ್ನ ಜೊತೆ ಭಾನುಪ್ರಕಾಶ್."

ಕಿಟಕಿ ಪಕ್ಕದಲ್ಲಿ ಕೂತಿದ್ದವನು ಕೈ ಎತ್ತಿದ. ಅವನೇ!

ಕ್ಲಾಸು ಮುಗಿದ ಮೇಲೆ ಕಾರಿಡಾರಿನಲ್ಲಿ ನಿಂತು, ನಡುವೆ ಒಂದು ಎತ್ತಿನಗಾಡಿ ಹೋಗುವಷ್ಟು ಜಾಗ ಬಿಟ್ಟು, ಅವನು ಕೇಳಿದ.

"ರೇಷ್ಮೆ ತಗೊಳ್ಳೋಣ್ವಾ? ನಮ್ಮೂರು ದೊಡ್ಡಬಳ್ಳಾಪುರದ ಹತ್ರ. ನಮ್ಮನೇಲಿ ಹುಳ ಸಾಕ್ತೀವಿ. ಈಸಿ ಆಗುತ್ತೆ."

"ಬೇಡ! ಕಾಫಿ ತಗೊಳ್ಳೋಣ."

"ಇಲ್ಲೆಲ್ಲಿ ಬೆಳೀತಾರೆ ಕಾಫೀನ?"

ಕೊನೆಗೆ ಹುಳ ಸಾಕುವ ಭಾಗ ಅವನಿಗೆ, ನೂಲು ತೆಗೆಯುವ ಭಾಗ ತನಗೆ ಎಂದು ಹಂಚಿಕೊಂಡು ಒಪ್ಪಿದಳು. 'ನನ್ನ ಭಾಗಕ್ಕೆ ಇವನು ಬರೋದೇ ಬೇಡ. ಇಂಟರ್ನೆಟ್‌ನಲ್ಲಿ ಫೋಟೊ ಸಿಗುತ್ತೆ' ಎಂದುಕೊಂಡಳು.

ವಿಚಿತ್ರವೆಂದರೆ, ಫೋನಿನಲ್ಲಿ ಅವನು ಬೇರೆಯೇ ಮನುಷ್ಯ! ಹುಳಕ್ಕೆ ಹಿಪ್ಪುನೇರಳೆ ಸೊಪ್ಪು ಕೊಯ್ಯುತ್ತಾ ಕರೆ ಮಾಡುತ್ತಿದ್ದ. ಬೇರೆ ದೇಶದ ನೂಲು ಅಗ್ಗವಾಗಿ ಬಂದರೆ ತಮ್ಮೂರಿನ ಗೂಡಿನ ಬೆಲೆ ಹೇಗೆ ಬೀಳುತ್ತದೆ ಎಂದು ವಿವರಿಸುತ್ತಾ, ನಡುವೆಯೇ ಅಜ್ಜಿ ಅಮ್ಮಯಮ್ಮನ ಬೈಗುಳವನ್ನೂ ಕೇಳಿಸುತ್ತಿದ್ದ. ಅವಳು ಹೊಟ್ಟೆ ಹುಣ್ಣಾಗುವಂತೆ ನಗುತ್ತಿದ್ದಳು. ನೆಗಡಿಯಾಗಿ ಅವಳ ದನಿ ಕಟ್ಟಿದ್ದ ದಿನ, "ಮೆಣಸಿನ ಸಾರು ಮಾಡಿಸ್ಕೊಂಡು ಕುಡಿ. ನಿನ್ ದನಿ ಕೇಳದೆ ಬೇಜಾರಾಗ್ತಿದೆ" ಎಂದಿದ್ದ. ಆ ಒಂದು ಮಾತನ್ನು ಅವಳು ವಾರಗಟ್ಟಲೆ ನೆನೆಸಿಕೊಂಡಳು.

ಎದುರಿಗೆ ಸಿಕ್ಕರೆ ಮಾತ್ರ ಅದೇ ದೂರ. ಅವಳು ಒಂದು ಹೆಜ್ಜೆ ಮುಂದಿಟ್ಟರೆ ಅವನು ಒಂದು ಹೆಜ್ಜೆ ಹಿಂದೆ.

'ಫೋನಲ್ಲಿ ನಾತ ಬರಲ್ವಲ್ಲಾ... ಅದಕ್ಕೇ!'

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇಲ್ಲಿ ಯಾರೂ ಕಳ್ಳ ಅನ್ನದಿದ್ದರೂ ನಮ್ಮ ಹುಡುಗಿ ದಿನಾ ಹೆಗಲು ಉಜ್ಜಿಕೊಂಡಳು. ಎರಡೆರಡು ಸಲ ಸ್ನಾನ. ಇನ್ನಷ್ಟು ಸೆಂಟು. ಅವಳು ಸೆಂಟು ಹೆಚ್ಚಿಸಿದಷ್ಟೂ ಅವನು ದೂರ ದೂರ ಸರಿದ. ಅವಳಿಗೆ ಅಪ್ಪನ ಶೆಡ್ಡು ಕಂಡರೆ ಹೇಸಿಗೆ, ಅಮ್ಮ ಬಡಿಸಿದ ಅನ್ನದ ಮೇಲೆ ಹೇಸಿಗೆ, ಕೊನೆಗೆ ಕನ್ನಡಿಯಲ್ಲಿ ಕಾಣುವ ತನ್ನ ಮುಖದ ಮೇಲೂ ಹೇಸಿಗೆ.

ಅಷ್ಟರಲ್ಲಿ ಮಮತ ಮೇಡಂ ಅವಳ ಭಾಗವನ್ನು ವಾಪಸ್ ಕೊಟ್ಟರು.

"ಎಲ್ಲಿಂದಲೋ ಎತ್ತಿದ ಫೋಟೊ ನನಗೆ ಬೇಡ ಪ್ರಮೋದಾ. ಹೋಗಿ ನೋಡ್ಕೊಂಡು ಬಾ. ಇಲ್ಲಾಂದ್ರೆ ಇಬ್ಬರನ್ನೂ ಪಾಸ್ ಮಾಡಲ್ಲ."

ಭಾನು ಬೇಸರ ತೋರಿಸಲಿಲ್ಲ. "ಬಿಡು, ನಾನೇ ಹೋಗ್ತೀನಿ. ನಮ್ಮ ಗೂಡು ಮಾರ್ಕೆಟ್‌ಗೆ ಬರುತ್ತಲ್ಲ, ಯಾರು ಹರಾಜಲ್ಲಿ ತಗೋತಾರೋ ಅವರ ಹಿಂದೇನೇ ಹೋಗ್ಬಿಡ್ತೀನಿ" ಎಂದ.

ಯಾವ ಮಾರುಕಟ್ಟೆ ಎಂದು ಕೇಳಲು ಅವಳಿಗೆ ಧೈರ್ಯ ಸಾಲಲಿಲ್ಲ.

ಆ ಶನಿವಾರ ಶೆಡ್ಡಿನಲ್ಲಿ ಕೆಲಸದವರು ಕಡಿಮೆಯಿದ್ದರು. ಪ್ರಮೋದಾ ಹಳೇ ನೈಟಿ ತೊಟ್ಟು, ತಲೆಗೆ ಟವಲ್ ಕಟ್ಟಿ, ಟಾರ್ಪಾಲಿನ ಮೇಲಿನ ಸತ್ತ ಹುಳವನ್ನು ಮೊರದಿಂದ ಹರಡುತ್ತಿದ್ದಳು. ಬೆರಳ ಸಂದಿಯಲ್ಲೆಲ್ಲ ಜಿಡ್ಡು. ಮೈಮೇಲೆ ಒಂದು ಹನಿ ಸೆಂಟೂ ಇರಲಿಲ್ಲ.

"ಬಾರಪ್ಪಾ, ಬಾ! ಕಾಫಿ ಕುಡ್ಕೊಂಡೇ ಹೋಗ್ಬೇಕು. ಒಳ್ಳೇ ಗೂಡು ಬೆಳ್ದಿದ್ದೀರಾ!" ಅಪ್ಪನ ದನಿ ಗೇಟಿನಿಂದ ಕೇಳಿಸಿತು. "ಪ್ರಮೋದಾ, ನೋಡವ್ವಾ, ನಿನ್ ಥರಾನೇ ಓದೋ ಹುಡುಗ. ಗೂಡು ಎಲ್ಲಿಗ್ ಹೋಗುತ್ತೆ ಅಂತ ನೋಡೋಕೆ ಬಂದವ್ನೆ!"

ಅವಳು ತಲೆ ಎತ್ತಿದಳು. ಭಾನು!

ಕೈಯಲ್ಲಿದ್ದ ಮೊರ ಜಾರಿ ಬಿತ್ತು. ಅಪ್ಪ ಕಾಫಿ ಹೇಳಲು ಒಳಗೆ ಹೋದರು.

ಭಾನು ನಡೆದು ಬಂದ. ಬಂದವನು ದೂರ ನಿಲ್ಲಲಿಲ್ಲ. ಮೊದಲ ಬಾರಿಗೆ, ಅವಳ ಪಕ್ಕಕ್ಕೇ ಬಂದು ನಿಂತ.

"ಪ್ರಮೋದಾ... ಇದು ನಿಮ್ಮನೇನಾ?"

ಅವಳಿಗೆ ಮೈಯೆಲ್ಲ ಉರಿದುಹೋಯಿತು.

"ಹೂಂ, ನಮ್ಮನೇನೇ! ಯಾಕೆ, ಇವತ್ತು ಮೂಗು ಮುಚ್ಕೊಳ್ಳಲ್ವಾ? ಮೊದಲ ದಿನ ಎದ್ದು ಹೋದ್ಯಲ್ಲಾ... ಇವತ್ತೂ ಹೋಗು! ಅವತ್ತು ನೀನು ಮೂಸಿದ್ದು ಇದನ್ನೇ ತಾನೆ?"

ಅವನು ಕಣ್ಣು ಕಣ್ಣು ಬಿಟ್ಟ. "ಇದನ್ನಾ? ಅಯ್ಯೋ... ನಾನು ಎದ್ದು ಹೋಗಿದ್ದು ನಿನ್ ಸೆಂಟಿಗೆ ಕಣೆ!"

"ಏನು?"

"ಹುಳದ ಮನೆಗೆ ಸೆಂಟ್ ವಾಸನೆ ಹೋಗ್ಬಾರ್ದು. ಹುಳ ಸೊಪ್ಪು ತಿನ್ನೋದು ಬಿಡ್ತವೆ, ಸಾಯ್ತವೆ ಅಂತ ನಮ್ಮಜ್ಜಿ ಊದುಬತ್ತೀನೂ ಹಚ್ಚೋಕ್ ಬಿಡಲ್ಲ. ಅವತ್ತು ನಿನ್ ಪಕ್ಕ ಕೂತಿದ್ದಷ್ಟಕ್ಕೇ ಅಂಗೀಗೆ ಅಂಟ್ಕೊಂಡಿತ್ತು. ಅಜ್ಜಿ ಬಾಗಿಲಲ್ಲೇ ನಿಲ್ಲಿಸಿ, 'ಯಾವಳ ಪಕ್ಕ ಕೂತಿದ್ಯೋ?' ಅಂತ ತಲೆಗೆ ನೀರು ಸುರಿದ್ರು. ಒಂದು ಬೆಳೆ ಹುಳ ಗೂಡು ಕಟ್ಟಿ ಮುಗೀತು ಅಂದ್ರೆ ಇನ್ನೊಂದು ಬೆಳೆ ಶುರು. ನಾನು ಯಾವಾಗ ನಿನ್ ಹತ್ರ ಬರ್ಲಿ?"

"ಬಾಯ್ಬಿಟ್ಟು ಹೇಳೋಕಾಗ್ತಿರಲಿಲ್ವಾ?"

"ಆಸೆಪಟ್ಟು ಹಾಕ್ಕೊಂಡು ಬಂದಿರೋ ಹುಡುಗೀಗೆ 'ನಿನ್ ಸೆಂಟು ಬೇಡ' ಅಂತ ಹೆಂಗ್ ಹೇಳೋದು? ನನಗೆ ನಾಚಿಕೆ ಆಯ್ತು..."

ಎಷ್ಟು ತಿಂಗಳ ಉರಿ! ಎಷ್ಟು ಸ್ನಾನ! ಅವಳಿಗೆ ನಗು ಬರುವುದರೊಳಗೆ ಅಳುವೇ ಬಂತು.

"ಹಾಗಾದ್ರೆ... ಈ ನಾತ ನಿನಗೆ ಬರ್ತಿಲ್ವಾ?"

ಭಾನು ಟಾರ್ಪಾಲಿನ ಕಡೆ ನೋಡಿದ. ಬಿಸಿಲಿಗೆ ರಾಶಿಯಿಂದ ಹಬೆ ಏಳುತ್ತಿತ್ತು. ಅವನ ಮುಖ ಬಿಳಿಚಿಕೊಂಡಿತು.

"ಸುಳ್ಳು ಯಾಕೆ ಹೇಳ್ಲಿ... ಬರ್ತಿದೆ. ತುಂಬಾ... ಒಂದ್ ನಿಮಿಷ..."

ಬಾಯಿಗೆ ಕೈ ಅಡ್ಡ ಹಿಡಿದು ಅವನು ಕಾಂಪೌಂಡಿನ ಆಚೆಗೆ ಓಡಿದ. ವಾಂತಿ ಮಾಡುವ ಸದ್ದು ಸ್ಪಷ್ಟವಾಗಿ ಕೇಳಿಸಿತು.

ಪ್ರಮೋದಾ ಕಣ್ಣು ಮುಚ್ಚಿಕೊಂಡಳು. 'ಮುಗೀತು. ಇನ್ನು ಹಾಗೇ ಬೈಕ್ ಹತ್ತಿ ಹೋಗ್ತಾನೆ. ಹೋಗ್ಲಿ... ಇಂಥ ಮನೆಗೆ ಯಾರು ತಾನೆ ವಾಪಸ್ ಬರ್ತಾರೆ?'

ನಲ್ಲಿ ತಿರುಗಿಸಿದ ಸದ್ದು. ಬಾಯಿ ಮುಕ್ಕಳಿಸಿದ ಸದ್ದು. ಆಮೇಲೆ ಹೆಜ್ಜೆಯ ಸದ್ದು.

ಕಣ್ಣು ಬಿಟ್ಟರೆ, ಒದ್ದೆ ಮುಖದ ಭಾನು ಮತ್ತೆ ಅದೇ ಜಾಗದಲ್ಲಿ ನಿಂತಿದ್ದ. ಕೆಳಗೆ ಬಿದ್ದಿದ್ದ ಮೊರವನ್ನು ಎತ್ತಿಕೊಂಡಿದ್ದ.

"ನಾವು ಆ ಹುಳಗಳನ್ನ ಮಕ್ಕಳ ಥರ ಸಾಕ್ತೀವಿ ಪ್ರಮೋದಾ. ಗೂಡು ಕಟ್ಟಿದ ತಕ್ಷಣ ಚೀಲಕ್ಕೆ ತುಂಬಿ ಕಳಿಸ್ಬಿಡ್ತೀವಿ. ಆಮೇಲೆ ಏನಾಗುತ್ತೆ ಅಂತ ನಾನು ಒಂದು ದಿನಾನೂ ಬಂದು ನೋಡಿಲ್ಲ. ನಮ್ಮನೆ ಯಾವಾಗ್ಲೂ ಸ್ವಚ್ಛ. ಯಾಕೇಂದ್ರೆ ನಾತ ಎಲ್ಲಾ ನಿಮ್ಮ ಪಾಲಿಗೆ ಹಾಕಿದ್ವಿ. ಸೀರೆ ಉಡೋರಿಗಂತೂ ಇದು ಗೊತ್ತೇ ಇಲ್ಲ. ಮೇಡಂ ಕೇಳಿದ್ದು ಇದೇ ಅಲ್ವಾ?"

"ಪ್ರಾಜೆಕ್ಟ್ ಬಗ್ಗೆ ಮಾತಾಡ್ತಿದ್ದೀಯಾ ಈಗ?"

"ಇಲ್ಲ. ನಿನ್ ಬಗ್ಗೆ. ನನಗೆ ನೀನು ಇಷ್ಟ ಕಣೆ. ಫೋನಲ್ಲಿ ಮಾತ್ರ ಅಲ್ಲ... ಇಲ್ಲಿ, ಈ ಅಂಗಳದಲ್ಲಿ, ಹೀಗೇ."

ಅವಳು ಜಿಡ್ಡು ಕೈಯನ್ನು ನೈಟಿಗೆ ಒರೆಸಿಕೊಳ್ಳಲು ಹೋದಳು. ಅವನು ಅಷ್ಟರೊಳಗೆ ಹಿಡಿದುಬಿಟ್ಟ.

"ಥೂ, ಬಿಡೋ! ಗಲೀಜು..."

"ಗೊತ್ತು."

"ಭಾನು... ಪ್ರೆಸೆಂಟೇಶನ್‌ಗೆ ನಮ್ಮನೆ ಫೋಟೊನೇ ಹಾಕೋಣ. ಅಪ್ಪಂದೂ, ಈ ರಾಶೀದೂ. ಎಲ್ಲರ ಮುಂದೆ ನಾನೇ ಹೇಳ್ತೀನಿ, ಇದು ನಮ್ಮನೆ ಅಂತ." ಅವಳು ಮೂಗು ಎಳೆದುಕೊಂಡಳು. "ನನಗೂ ನೀನು ಇಷ್ಟ. ಮೆಣಸಿನ ಸಾರಿನ ದಿನದಿಂದ..."

"ಹಾಗಾದ್ರೆ ನಾಳೆನೂ ಬರ್ತೀನಿ."

"ಮತ್ತೆ ವಾಂತಿ ಬಂದ್ರೆ?"

"ಬರುತ್ತೆ. ಮಾಡ್ಕೊಂಡು, ಬಾಯಿ ತೊಳ್ಕೊಂಡು ಒಳಗೆ ಬರ್ತೀನಿ."

"ಎಷ್ಟು ದಿನ ಅಂತ?"

"ವಾಂತಿ ನಿಲ್ಲೋವರೆಗೂ... ನಿಂತ್ಮೇಲೂ."