ಎದುರಾಳಿಯ ಕುರ್ಚಿ

“ಆ ಹುಡುಗಿ ನಗ್ತಿದ್ದಾಳೆ ಅಂತ ನಿಂಗೆ ಯಾರು ಹೇಳಿದ್ರು?”

ವಿದಾರ್ ಕೇಳಿದ್ದು ಅಷ್ಟೇ. ತೂವಾ ತನ್ನ ಪ್ರಬಂಧದ ಹಾಳೆಗಳನ್ನು ತಿರುವಿದಳು.

ಉಪ್ಸಾಲ ವಿಶ್ವವಿದ್ಯಾಲಯದಲ್ಲಿ ಇಬ್ಬರೂ ಕಲೆಯ ಇತಿಹಾಸವನ್ನೂ ದೇಶದ ಇತಿಹಾಸವನ್ನೂ ಜೊತೆಯಾಗಿ ಓದಿದವರು. ಕೊನೆಯ ವರ್ಷ ಬರೆದ ಪ್ರಬಂಧವನ್ನು ಸಹಪಾಠಿಯೊಬ್ಬರು ಎದುರಾಳಿಯ ಕುರ್ಚಿಯಲ್ಲಿ ಕೂತು ಎಲ್ಲರ ಮುಂದೆ ಪ್ರಶ್ನಿಸಬೇಕು. ಬೆಳಿಗ್ಗೆ ತೂವಾಳ ಪ್ರಬಂಧದ ಸರದಿ, ಮಧ್ಯಾಹ್ನ ವಿದಾರನದು. ಚೀಟಿಯಲ್ಲಿ ತಾವಿಬ್ಬರೇ ಜೋಡಿಯಾದಾಗ ಅವಳು ಕುಣಿದಿದ್ದಳು!

ನನ್ನವನೇ ಅಲ್ಲವೇ... ಮೆಲ್ಲಗೆ ಕೇಳುತ್ತಾನೆ ಎಂದುಕೊಂಡಿದ್ದಳು.

ಅವಳು ಬರೆದಿದ್ದು ಶಾಲೆಶಾಲೆಯ ಗೋಡೆಯ ಮೇಲೂ ಅಚ್ಚಾಗಿ ತೂಗುತ್ತಿದ್ದ ಒಂದು ಪ್ರಸಿದ್ಧ ಚಿತ್ರದ ಬಗ್ಗೆ. ಹುಲ್ಲು ಹೊತ್ತು ನಗುವ ಹುಡುಗಿ, ಕೆರ್ಸ್ಟಿನ್. ತೂವಾಳ ಮುತ್ತಜ್ಜಿ. ಚಿತ್ರಕಾರ ಅವಳನ್ನು ಪ್ರೀತಿಸಿದ್ದ ಎಂಬುದು ಮನೆಯವರ ಹೆಮ್ಮೆ; ತೂವಾ ಬರೆದದ್ದೂ ಅದನ್ನೇ.

“ಇದು ದಿಕ್ಕಿಲ್ಲದವರನ್ನ ಊರಿನವರು ಇಡ್ತಿದ್ದ ಬಡವರ ಮನೆಯ ದಾಖಲೆ,” ವಿದಾರ್ ಹಾಳೆಯೊಂದನ್ನು ಎತ್ತಿದ. “ಚಿತ್ರಕ್ಕೆ ಪದಕ ಬಂದ ವಾರವೇ ಕೆರ್ಸ್ಟಿನ್ ಅಲ್ಲಿ ಹೆರಿಗೆಯಲ್ಲಿ ಸತ್ತಳು. ಮಗು ಉಳೀತು. ತಂದೆ ಹೆಸರಿನ ಜಾಗ ಖಾಲಿ. ಓಡಿಹೋಗ್ತಾಳೆ ಅಂತ ಅದಕ್ಕೂ ಮುಂಚೆ ಅವಳ ಕೋಣೆಗೆ ಬೀಗ ಹಾಕಿದ್ರು. ಇದನ್ನ ಪ್ರೇಮ ಅಂತೀಯಾ?”

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು.

“ಮತ್ತೆ ಬರೀಬೇಕಾಗುತ್ತೆ, ತೂವಾ,” ಎಂದರು ಅಧ್ಯಾಪಕಿ ಗುನ್ವೋರ್.

ಮಧ್ಯಾಹ್ನ ಅವಳು ಕಾಫಿಯನ್ನೂ ಮುಟ್ಟಲಿಲ್ಲ. ನೇರ ಎದುರಾಳಿಯ ಕುರ್ಚಿಗೆ ಬಂದು ಕೂತಳು. ವಿದಾರನ ಪ್ರಬಂಧ ಅದೇ ಬಡವರ ಮನೆಯ ಬಗ್ಗೆ.

“ಮೂವತ್ತೊಂದನೇ ಪುಟ. ಕೋಣೆಗಳಿಗೆ ಬೀಗ ಹಾಕ್ತಿದ್ದ ಮೇಲ್ವಿಚಾರಕನ ಹೆಸರು ಸಿಕ್ಕಿಲ್ಲ ಅಂತ ಬರ್ದಿದ್ದೀಯ.”

“ಹ್ಞೂಂ...”

“ನಿಮ್ಮಜ್ಜಿ ಊಟದ ಕೋಣೆಯಲ್ಲಿ ಒಬ್ಬರ ಚಿತ್ರ ಇದೆಯಲ್ಲ? ಕೈಯಲ್ಲಿ ಬೀಗದಕೈ ಗೊಂಚಲು, ಹಿಂದಿನ ಕಿಟಕಿಯಲ್ಲಿ ಇದೇ ಬಡವರ ಮನೆ. ಅವರು ಯಾರು, ವಿದಾರ್?”

ಅವನ ಮುಖ ಸುಣ್ಣದಂತೆ ಬಿಳುಚಿತು. “ಬೇಡ, ತೂವಾ...”

“ಬೆಳಿಗ್ಗೆ ನಂಗೆ ಯಾರೂ ಬೇಡ ಅನ್ನಲಿಲ್ಲ. ಹೇಳು!”

“...ನನ್ನ ಮುತ್ತಜ್ಜ.”

ಅವನೂ ಮತ್ತೆ ಬರೆಯಬೇಕಾಯಿತು.

ಮೆಟ್ಟಿಲ ಮೇಲೆ ಅವನು ಅವಳಿಗಾಗಿ ಕಾದಿದ್ದ. “ಗುನ್ವೋರ್ ಹತ್ರಾನೂ ಆ ದಾಖಲೆ ಇತ್ತು. ಅವರ ಬಾಯಿಂದ ಕೇಳೋದಕ್ಕಿಂತ...”

“ನಿನ್ನ ಬಾಯಿಂದ ಎಲ್ಲರ ಮುಂದೆ ಕೇಳಿದ್ರೆ ನೋವಾಗಲ್ಲ ಅಂದ್ಕೊಂಡ್ಯಾ? ನಿನ್ನೆನೇ ಹೇಳಬಹುದಿತ್ತಲ್ಲ!”

“ಹೇಳಿದ್ರೆ ಬೀಗ ಹಾಕಿದ್ದು ಯಾರು ಅಂತ ನೀನು ಕೇಳ್ತಿದ್ದೆ. ನಿನ್ನ ಕಳ್ಕೋತೀನಿ ಅಂತ ಹೆದರಿದ್ದೆ.”

“ಅದಕ್ಕೆ ನನ್ನವಳ ಮಾನ ತೆಗೆದು, ನಿನ್ನವನ ಹೆಸರು ಮುಚ್ಚಿಟ್ಟೆ.”

“ಹೌದು.” ಅವನು ಅತ್ತ. “ಈಗ ಹೋಗ್ತೀಯಾ?”

ಹೋಗಬೇಕು... ಎಂದುಕೊಳ್ಳುತ್ತಲೇ ಅವಳು ಅವನ ಪಕ್ಕ ಮೆಟ್ಟಿಲ ಮೇಲೆ ಕೂತಳು.

“ನಿನ್ನ ಇನ್ನೂ ಪ್ರೀತಿಸ್ತೀನಿ. ಅದೇ ನನಗೆ ದೊಡ್ಡ ಶಿಕ್ಷೆ!” ಎಂದಳು. “ಆಗಸ್ಟ್‌ನಲ್ಲಿ ಮತ್ತೆ ಬರೆದು ತಂದಾಗಲೂ ನಾನೇ ನಿನ್ನ ಎದುರಾಳಿ. ಕರುಣೆ ತೋರಿಸಲ್ಲ.”

“ತೋರಿಸ್ಬೇಡ. ಅವನ ಹೆಸರು ಮೊದಲ ಪುಟದಲ್ಲೇ ಇರುತ್ತೆ.”

“ಅದರ ಪಕ್ಕದಲ್ಲೇ ಕೆರ್ಸ್ಟಿನ್ ಹೆಸರು ಬರಿ.”

ಅವನು ಕೈ ಚಾಚಿದ. ಅವಳು ಆ ಕೈಯನ್ನೇ ನೋಡಿದಳು. ಅದರಲ್ಲಿ ಬೀಗದಕೈ ಇರಲಿಲ್ಲ, ಖಾಲಿಯಾಗಿತ್ತು.

ಆಮೇಲೆ ಹಿಡಿದುಕೊಂಡಳು.